ಟೈರಿನ ಹಿಂದಿನ ಕಲ್ಲು

ಆ ದಿನಗಳಲ್ಲಿ ನಮ್ಮ ಅಂಗಳದಲ್ಲಿ ಕಾರು ನಿಂತಿತ್ತೆಂದರೆ ಅದರ ಹಿಂದಿನ ಟೈರಿಗೆ ಒಂದು ಕಲ್ಲು ಒತ್ತಿಕೊಂಡಿರುತ್ತಿತ್ತು. ಅವ್ವನ ಕಾಲದ, ರುಬ್ಬುವ ಒಳ್ಳಿನ ಗುಂಡುಕಲ್ಲು ಅದು. ಹಿತ್ತಲಲ್ಲಿ ಬಿದ್ದದ್ದನ್ನು ಹೆಂಡತಿ ಉರುಳಿಸಿಕೊಂಡು ತಂದಿದ್ದಳು. ಅಣ್ಣಿಗೇರಿ ಸೀಮೆಯ ಎರೆ ನೆಲವೆಂದರೆ ಹಾಸಿದ ಜಮಖಾನೆಯಷ್ಟು ಸಮ. ಅಂಗಳದಲ್ಲಿ ನೀರು ಚೆಲ್ಲಿದರೆ ಯಾವ ಕಡೆ ಹರಿಯಬೇಕೆಂದು ಆ ನೀರಿಗೇ ತಿಳಿಯುವುದಿಲ್ಲ. ಅಂಥ ನೆಲದಲ್ಲಿ ಟೈರಿಗೆ ಕಲ್ಲು ಕೊಡುವುದು ಕಾರಿಗೆ ಹೆದರಿ ಅಲ್ಲ, ಅದನ್ನು ನಡೆಸುವವನಿಗೆ ಹೆದರಿ ಎಂದು ಓಣಿಯವರೆಲ್ಲ ಅರ್ಥ ಮಾಡಿಕೊಂಡಿದ್ದರು.

ಕಾರು ಹಳೆಯದು. ಅದರ ರೋಗ ಹುಡುಕುವುದು ನನಗೆ ನಿವೃತ್ತಿಯ ನಂತರದ ಸುಖ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ, ಕಾಲೇಜಿನಲ್ಲಿ ತರ್ಕ ಕಲಿಸಿದವನು ನಾನು. ಕಾರಣ ಸಿಗುವವರೆಗೆ ಕೂತಲ್ಲಿ ಕೂಡಲಾಗುವುದಿಲ್ಲ. ಒಂದು ಮಳೆಗಾಲದಲ್ಲಿ ಶಲವಡಿಗೆ ಹೋಗಿ ಬಂದ ಮೇಲೆ ಸ್ಟೀರಿಂಗ್ ನಡುಗತೊಡಗಿತು. ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ನೋಡಿದೆ. ಸ್ಟೀರಿಂಗಿನ ನಡುಕ ಹೋಗಿ ಹಿಂದಿನ ಸೀಟು ನಡುಗಿತು. ಹಾಗಾದರೆ ರೋಗ ಗಾಡಿಯಲ್ಲಿಲ್ಲ, ಚಕ್ರದಲ್ಲಿದೆ. ಬಿಚ್ಚಿ ಒಳಮಗ್ಗಲು ನೋಡಿದರೆ ರಿಮ್ಮಿನೊಳಗೆ ಎರೆ ಮಣ್ಣು ಒಂದೇ ಕಡೆ ಒಣಗಿ ಗಡ್ಡೆ ಕಟ್ಟಿತ್ತು. ಖುರ್ಪಿಯಿಂದ ಕೆತ್ತಿ ತೆಗೆದೆ, ನಡುಕ ನಿಂತಿತು. ಇನ್ನೊಮ್ಮೆ ಬ್ರೇಕಿನ ಪೆಡಲು ಮೆತ್ತಗಾಗಿ ಕೆಳಗಿಳಿಯತೊಡಗಿದಾಗ ನಾಲ್ಕೂ ಚಕ್ರಗಳ ಕೆಳಗೆ ಹಳೆಯ ಪೇಪರು ಹಾಸಿಟ್ಟೆ. ಮರುದಿನ ಹಿಂದಿನ ಬಲ ಚಕ್ರದ ಕೆಳಗೆ ಮಾತ್ರ ಎಣ್ಣೆಯ ಕಲೆ. ಸಂಶಯ ಇರುವುದನ್ನೆಲ್ಲ ಒಂದೊಂದಾಗಿ ತಳ್ಳಿಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಕಾರಣ. ಕಾರಿನ ಮಟ್ಟಿಗೆ ಈ ಪದ್ಧತಿ ನನಗೆ ಎಂದೂ ಮೋಸ ಮಾಡಿರಲಿಲ್ಲ.

ತಲೆಯ ವಿಷಯ ಬೇರೆ. ಕುಂದಗೋಳಕ್ಕೆ ಹೊರಟವನು ಯರಗುಪ್ಪಿಯ ಹತ್ತಿರ ತಿರುಗಬೇಕಾದಲ್ಲಿ ತಿರುಗದೆ ಮುಂದೆ ಹೋಗಿಬಿಟ್ಟಿದ್ದೆ. ಚಹಕ್ಕಿಟ್ಟ ನೀರು ಆರಿ ಪಾತ್ರೆ ಸೀದುಹೋಗಿತ್ತು. ಒಲೆ ಹಚ್ಚಿದವನು ನಾನೇ ಎಂದು ಹೆಂಡತಿ ಹೇಳಿದಳು. ನನಗೆ ಹಚ್ಚಿದ್ದು ನೆನಪಿರಲಿಲ್ಲ. ನೆನಪಿಲ್ಲ ಎನ್ನುವುದೇ ಅದಕ್ಕೆ ಸಾಕ್ಷಿಯಾಯಿತು.

ಹೀಗಿರುವಾಗ ಶೀಗಿ ಹುಣ್ಣಿಮೆ ಬಂತು. ತಂಗಿಯನ್ನು ಕೊಟ್ಟದ್ದು ಕಲಘಟಗಿ ಕಡೆಯ ಒಂದು ಊರಿಗೆ. ಅವರ ಹೊಲದಲ್ಲಿ ಭೂಮಿತಾಯಿಗೆ ಅನ್ನದ ಚರಗ ಚೆಲ್ಲಿ ಊಟ ಮಾಡಲು ನಾನು, ಹೆಂಡತಿ, ತಮ್ಮ ಮೂವರೂ ಕಾರಿನಲ್ಲಿ ಹೋದೆವು. ತಂಗಿಗಿಂತಲೂ ಚಿಕ್ಕವನಾದ ತಮ್ಮ ನಮ್ಮ ಮನೆಯ ಇನ್ನೊಂದು ಭಾಗದಲ್ಲೇ ಇರುತ್ತಾನೆ. ಒಕ್ಕಲುತನ ನೋಡಿಕೊಳ್ಳುವವನು ಅವನೇ. ತಂಗಿಯ ಹೊಲಕ್ಕೆ ಕೆರೆಯ ಏರಿಯಿಂದ ಇಳಿಜಾರು. ಆ ಇಳಿಜಾರಿನ ಮೇಲ್ತುದಿಯಲ್ಲಿ, ಏರಿಯ ದಾರಿಯ ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಚಾವಿಯನ್ನು ಅದರಲ್ಲೇ ಬಿಟ್ಟು ಇಳಿದೆ. ಹೊಲದಲ್ಲಿ ಚಾವಿ ಯಾರು ಒಯ್ಯುತ್ತಾರೆ? ಉಳಿದವರು ಕೆಳಗೆ ಹುಣಸೆ ಮರದಡಿ ಬುತ್ತಿ ಬಿಚ್ಚುತ್ತಿದ್ದಾಗ ನಾನು ಭಾವನ ಜೊತೆ ಚರಗದ ಬುಟ್ಟಿ ಹಿಡಿದು ಹೊಲದ ಆ ತುದಿಗೆ ಹೋದೆ.

ಧಡ್ ಎಂಬ ಸದ್ದಿಗೆ ತಿರುಗಿ ನೋಡಿದರೆ ಕಾರು ಹುಣಸೆ ಮರಕ್ಕೆ ಮೂತಿ ಹಚ್ಚಿ ನಿಂತಿತ್ತು. ಊಟಕ್ಕೆ ಹಾಸಿದ್ದ ಜಮಖಾನೆಯ ಒಂದು ಅಂಚು ಚಕ್ರದಡಿ ಸಿಕ್ಕಿತ್ತು. ಅಲ್ಲೇ ಕೂತಿದ್ದ ತಂಗಿಯ ಅತ್ತೆ ಕೈ ತೊಳೆಯಲು ಆಗಷ್ಟೇ ಎದ್ದಿದ್ದರಂತೆ. ನಾನು ಓಡಿಬಂದು ಬಾಗಿಲು ತೆಗೆದೆ. ಹ್ಯಾಂಡ್‌ಬ್ರೇಕಿನ ಹಿಡಿಕೆ ಕೆಳಗೆ ಮಲಗಿತ್ತು.

“ಹ್ಯಾಂಡ್‌ಬ್ರೇಕ್ ಹಾಕೂದ ಮರತಿಯಲ್ಲ ಅಣ್ಣಾ,” ಎಂದ ತಮ್ಮ.

“ಹಾಕಿದ್ದೆ.”

ತಂಗಿ ತಲೆ ತಗ್ಗಿಸಿ ಚೆಲ್ಲಿದ ಅನ್ನ ಬಳಿಯುತ್ತಿದ್ದಳು. ಹೆಂಡತಿ ಕಾರಿನ ಹತ್ತಿರ ಬಂದು ಅಂಗೈ ಚಾಚಿದಳು. “ಮನೀಗೆ ಹೋದ ಮ್ಯಾಲೆ ಚಾವಿ ನನ್ನ ಕಡೆ ಇರ್ಲಿ. ಹಿರೇರ ಜೀವ ಉಳೀತು, ಅದ ಪುಣ್ಯೆ.”

ಹಾಕಿದ್ದೆ ಎಂಬುದಕ್ಕೆ ನನ್ನ ಬಳಿ ಇದ್ದದ್ದು ಹಿಡಿಕೆ ಎಳೆದಾಗಿನಿಂದ ಕೈಯಲ್ಲಿ ಉಳಿದಿದ್ದ ಕರಕರ ಶಬ್ದ ಒಂದೇ. ಆದರೆ ಇಳಿಜಾರಿನ ಊರುಗಳಿಗೆ ಹೋದಾಗ ಹ್ಯಾಂಡ್‌ಬ್ರೇಕನ್ನು ಎಷ್ಟೋ ಸಲ ಎಳೆದಿದ್ದೇನೆ. ಬೇರೆ ಯಾವುದೋ ದಿನದ ಶಬ್ದವನ್ನು ಆ ದಿನಕ್ಕೆ ಅಂಟಿಸಿಕೊಂಡಿರಬಹುದಲ್ಲ? ಇದನ್ನು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ: ನೆನಪು ನೋಡಿದ್ದನ್ನು ಹೇಳುವುದಿಲ್ಲ, ನಮಗೆ ಬೇಕಾದದ್ದನ್ನು ಹೇಳುತ್ತದೆ. ಆಗ ಅದು ಒಳ್ಳೆಯ ಮಾತೆನಿಸುತ್ತಿತ್ತು.

ಮನೆಗೆ ಬಂದ ದಿನದಿಂದ ಕಾರು ಅಂಗಳದಲ್ಲೇ ನಿಂತಿತು. ಹೆಂಡತಿ ಹಿತ್ತಲಿನ ಕಲ್ಲನ್ನು ತಂದು ಟೈರಿಗೆ ಕೊಟ್ಟಳು. ಹುಬ್ಬಳ್ಳಿಯಲ್ಲಿ ಮರೆವಿನ ಡಾಕ್ಟರರೊಬ್ಬರು ಇದ್ದಾರೆಂದು ತಮ್ಮ ವಿಚಾರಿಸಿಕೊಂಡು ಬಂದ. ನಾನು ಒಂದೇ ಬೇಡಿಕೆ ಇಟ್ಟೆ: ತಪ್ಪು ಗಾಡಿಯದೋ ನನ್ನದೋ ಎಂದು ಒಮ್ಮೆ ಪರೀಕ್ಷೆ ಆಗಲಿ. ನನ್ನದೇ ಆದರೆ ಮತ್ತೆ ಚಾವಿ ಕೇಳುವುದಿಲ್ಲ, ಡಾಕ್ಟರ ಹತ್ತಿರವೂ ಬರುತ್ತೇನೆ. ಹೆಂಡತಿ ಒಪ್ಪಿದಳು, ಆದರೆ ಗಾಡಿ ನಾನು ಒಯ್ಯಕೂಡದು, ಗ್ಯಾರೇಜಿನ ಮೇಸ್ತ್ರಿಯೇ ಬಂದು ಒಯ್ಯಲಿ ಎಂದಳು.

ಮೇಸ್ತ್ರಿ ನನ್ನ ಎದೆಯ ಮಟ್ಟಕ್ಕೆ ಬರುವ ಕುಳ್ಳ ಮನುಷ್ಯ, ಬಾಯಿ ಮಾತ್ರ ದೊಡ್ಡದು. ಅವನು ನಡೆಸಿದ, ನಾನು ಬಾಜೂ ಕೂತೆ. ಗ್ಯಾರೇಜಿನಲ್ಲಿ ನನ್ನ ಸಂಶಯಗಳನ್ನು ಒಂದೊಂದಾಗಿ ಮುಂದಿಟ್ಟೆ. ಹ್ಯಾಂಡ್‌ಬ್ರೇಕಿನ ತಂತಿ ಸಡಿಲಾಗಿರಬಹುದು. ಸಡಿಲಾಗಿರಲಿಲ್ಲ. ಹಿಂದೆ ಸೋರಿದ್ದ ಎಣ್ಣೆ ಬಲ ಚಕ್ರದ ಬ್ರೇಕಿಗೆ ಸವರಿಕೊಂಡು ಹಿಡಿತ ತಪ್ಪಿರಬಹುದು. ಚಕ್ರ ಬಿಚ್ಚಿದ, ಒಳಗೆ ಒಣಗಿ ಸ್ವಚ್ಛವಾಗಿತ್ತು. ಹಿಡಿಕೆಯನ್ನು ಮೇಲೆ ತಡೆದು ನಿಲ್ಲಿಸುವ ಹಲ್ಲು ಸವೆದು, ತಾನೇ ಜಾರಿ ಕೆಳಗೆ ಬಿದ್ದಿರಬಹುದು. ನನ್ನ ಆಸೆಯೆಲ್ಲ ಇದರ ಮೇಲಿತ್ತು. ಅವನು ಬ್ಯಾಟರಿಯ ಬೆಳಕು ಬಿಟ್ಟು ನೋಡಿ ನಕ್ಕ.

“ಹೊಸಾದ್ದ ಇದ್ಧಂಗ ಐತ್ರಿ ಸರ. ಈ ಗಾಡ್ಯಾಗ ಅಗದಿ ಬರೋಬ್ಬರಿ ಇರೂದು ಇದೊಂದ. ನಮ್ಮ ಕಡೆ ಮಂದಿ ಹ್ಯಾಂಡ್‌ಬ್ರೇಕ್ ಮುಟ್ಟೂದ ಇಲ್ರಿ, ಸವೀಬೇಕಂದ್ರ ಹೆಂಗ ಸವೀತೈತಿ? ಏರ ಇದ್ರ ಅಲ್ಲೇನ್ರಿ ಅದರ ಕೆಲಸ.”

“ಇಳಿಜಾರಿನ್ಯಾಗ ನೋಡೂಣು,” ಎಂದೆ.

“ಇಳಿಜಾರ ಎಲ್ಲಿಂದ ತರೂಣ್ರಿ ಈ ಊರಾಗ?”

ಊರ ಹೊರಗೆ ರೈಲ್ವೆ ಹಳಿಯ ಮೇಲಿನ ಸೇತುವೆಗೆ ಹತ್ತುವ ರಸ್ತೆ ಇತ್ತು, ಅಲ್ಲಿಗೆ ಹೋದೆವು. ಹ್ಯಾಂಡ್‌ಬ್ರೇಕು ಎಳೆದು ಇಬ್ಬರೂ ಇಳಿದೆವು. ಬಾಗಿಲುಗಳನ್ನು ಜೋರಾಗಿ ಬಡಿದೆವು. ಹಿಂದಿನಿಂದ ಒದ್ದು ತಳ್ಳಿದೆವು. ಕಾರು ಕದಲಲಿಲ್ಲ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಮುದುಕಿಯೊಬ್ಬಳು ನಿಂತು ನೋಡಿ, “ಚಾಲೂ ಮಾಡ್ರಿ ಯಪ್ಪಾ, ತಾನ ಹೊಕ್ಕೈತಿ,” ಎಂದಳು.

ಎಲ್ಲವನ್ನೂ ತಳ್ಳಿಹಾಕಿದ ಮೇಲೆ ಉಳಿದದ್ದು ನಾನು. ಪದ್ಧತಿ ಸರಿಯಾಗಿತ್ತು. ಮೇಸ್ತ್ರಿಗೆ, ಕೊನೆಯದಾಗಿ ಮನೆಯವರೆಗೆ ನಾನೇ ನಡೆಸುತ್ತೇನೆ ಎಂದೆ. ಸೀಟಿಗೆ ಕುಳಿತು ಕಾಲು ಒಳಗೆಳೆದುಕೊಂಡೆ. ಬಲ ಮೊಣಕಾಲು ಸ್ಟೀರಿಂಗಿನ ಕೆಳಗೆ ಠಣ್ಣನೆ ಬಡಿಯಿತು.

“ಕುಳ್ಳಗ ಅದೀನ್ರಿ, ಸೀಟ್ ಮುಂದ ಜಗ್ಗಿದ್ದೆ,” ಎಂದ ಮೇಸ್ತ್ರಿ. “ಅದರ ಹಳಿ ತುಕ್ಕ ಹಿಡದೈತಿ ನೋಡ್ರಿ. ಮೈಯೆಲ್ಲಾ ಬಲಾ ಹಾಕಿ ಜಗ್ಗಬೇಕಾತು.”

ನಾನು ಮೊಣಕಾಲು ಹಿಡಿದುಕೊಂಡು ಹಾಗೆಯೇ ಕುಳಿತೆ. ಇದೇ ಮೊಣಕಾಲು, ಇದೇ ಜಾಗ, ಇದೇ ನೋವು. ಹುಣಸೆ ಮರದಡಿಯಿಂದ ಕಾರು ತೆಗೆಯಲು ಕುಳಿತಾಗಲೂ ಹೀಗೆ ಬಡಿದಿತ್ತು. ಡಿಕ್ಕಿಯ ಹೊಡೆತಕ್ಕೆ ಸೀಟು ಮುಂದೆ ಸರಿದಿರಬೇಕು ಎಂದುಕೊಂಡು, ಒದ್ದಾಡಿ ಹಿಂದಕ್ಕೆ ತಳ್ಳಿ, ಮರೆತುಬಿಟ್ಟಿದ್ದೆ.

“ಡಿಕ್ಕಿ ಹೊಡದ್ರ ಸೀಟು ತಾನ ಸರೀತೈತೇನು?”

“ಈ ಸೀಟಾ? ಟ್ರ್ಯಾಕ್ಟರ್ ಹಚ್ಚಿ ಎಳದ್ರ ಸರೀಬೋದು ನೋಡ್ರಿ.”

ಹಾಗಾದರೆ ನಾನು ಇಳಿದ ಮೇಲೆ ಯಾರೋ ಕುಳ್ಳಗಿನವರು ಆ ಸೀಟಿನಲ್ಲಿ ಕುಳಿತಿದ್ದರು. ಇಷ್ಟು ಗೊತ್ತಾದರೂ ಸಮಾಧಾನ ಬರಲಿಲ್ಲ. ಇಂದಿನ ನೋವನ್ನೇ ಸಾಲ ಪಡೆದು ನಾನು ಅಂದಿನ ನೆನಪನ್ನು ಕಟ್ಟುತ್ತಿಲ್ಲವಷ್ಟೇ? ತಪ್ಪಿಸಿಕೊಳ್ಳಲು ಬಾಗಿಲು ಹುಡುಕುವವನಿಗೆ ಗೋಡೆಯಲ್ಲೂ ಬಾಗಿಲು ಕಾಣುತ್ತದೆ.

ಮನೆಗೆ ಬಂದು ಕಾರು ಅಂಗಳದಲ್ಲಿ ಬಿಟ್ಟು ನೇರ ತಮ್ಮನ ಭಾಗಕ್ಕೆ ಹೋದೆ. ಅವನು ಪಡಸಾಲೆಯಲ್ಲಿ ತಾಡಪತ್ರಿ ಹಾಸಿ ಬಿತ್ತನೆಯ ಕಡಲೆಗೆ ಔಷಧ ಸವರುತ್ತಿದ್ದ. ಅವನಿಗೆ ನನ್ನ ಎತ್ತರ ಬಂದಿಲ್ಲ; ಅವ್ವನ ಹಾಗೆ ಗಿಡ್ಡ.

“ಏನಂದ ಮೇಸ್ತ್ರಿ?”

“ಬ್ರೇಕ್ ಬರೋಬ್ಬರಿ ಐತಂತ. ಸೀಟಿನ ಹಳಿಗೆ ಎಣ್ಣಿ ಬಿಡಬೇಕಂದ. ಭಾಳ ಬಿಗೀ ಆಗೇತಿ. ಅವತ್ತ ಏರಿ ಮ್ಯಾಲೆ ನಿನಗೂ ತ್ರಾಸ ಆಗಿರಬೇಕಲ್ಲ.”

“ಹೂಂ, ಹಿಂದ ಆ ಟ್ರ್ಯಾಕ್ಟರ್‌ನವ ಒಂದ ಸವನ ಹಾರ್ನ್ ಹೊಡೀಲಿಕತ್ತಿದ್ದ, ಇದು ನೋಡಿದ್ರ ಜಪ್ಪಯ್ಯ ಅಂದ್ರೂ…”

ಕಡಲೆಯಲ್ಲಿ ಆಡುತ್ತಿದ್ದ ಅವನ ಕೈ ನಿಂತಿತು.

“ದಾರಿ ಬಿಡು ಅಂತ ಒದರಿದ ಅಣ್ಣಾ. ಒಂದೀಟ ಬಾಜೂ ಹಾಕಿ ಇಳದು ಬಂದೆ. ಹ್ಯಾಂಡ್‌ಬ್ರೇಕ್ ನಾವು ಯಾವಾಗ ಹಾಕಿವಿ, ಹೇಳು? ಇಲ್ಲೆ ನಿಲ್ಲಿಸಿದಂಗ ನಿಲ್ಲಿಸಿದೆ. ಅದು ಉಳ್ಳಕೋತ ಬಂದದ್ದು ನೋಡಿ ಎದೀ ಒಡೀತು. ಬಾಯಿಗೆ ಬಂದದ್ದು ಅಂದುಬಿಟ್ಟೆ.”

“ಆಮ್ಯಾಲಾದ್ರೂ ಹೇಳಬೇಕಿತ್ತು.”

“ಹೇಳೂಣಂದೆ. ಅಕ್ಕನ ಅತ್ತಿ ಮುಂದ ಹೆಂಗ ಹೇಳಲಿ? ಮತ್ತ ನಿನಗ ಹೆಂಗೂ ಮರವು ಐತಿ ಅಂತ ಎಲ್ಲಾರಿಗೂ ಗೊತ್ತಿತ್ತು. ಅದರಾಗ ಇದೂ ಒಂದು ಹೋಗಲಿ ಅಂದ್ಕೊಂಡೆ.”

“ಯಾರರ ನೋಡಿದ್ರೇನು?”

ಅವನು ಮತ್ತೆ ಕಡಲೆ ಕಲಸತೊಡಗಿದ. “ಗಿಡದ ಬುಡಕ ಕುಂತವರೆಲ್ಲಾ ನೋಡ್ಯಾರ. ಅಕ್ಕಾನೂ ನೋಡ್ಯಾಳ. ವೈನೀನೂ.”

ನಮ್ಮ ಭಾಗದಲ್ಲಿ ಅವನ ವೈನಿ, ನನ್ನ ಹೆಂಡತಿ, ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ನಿನಗೆ ಗೊತ್ತಿತ್ತೇನು ಎಂದು ಕೇಳಿದೆ. ಏನು ಎಂದು ಅವಳು ಕೇಳಲಿಲ್ಲ. ಅಂಗೈಯ ಸದ್ದು ಒಂದೇ ಲಯದಲ್ಲಿ ಮುಂದುವರಿಯಿತು.

“ಗೊತ್ತಿತ್ತು.”

“ಮತ್ತ ದಿನಾ ಆ ಕಲ್ಲು?”

“ಹೇಳಿದ್ರ ನೀವು ಗಾಡಿ ಹೊಡೆಯೂದ ಬಿಡ್ತಿದ್ರೇನು? ಅವತ್ತ ಮೈದುನ ಮರತ, ನಾಳೆ ನೀವು ಮರೀತೀರಿ. ಯರಗುಪ್ಪಿ ದಾಟಿ ಹೋದವರು ಯಾರು? ಪಾತೇಲಿ ಸುಟ್ಟವರು ಯಾರು?”

“ಅದು ನಾನೇನು?”

“ಮತ್ತ್ಯಾರು?”

ಸೀದ ಪಾತ್ರೆಯ ದಿನವೂ ನಾನು ಇದನ್ನೇ ಕೇಳಿದ್ದೆ, ಅವಳು ಇದೇ ಉತ್ತರ ಕೊಟ್ಟಿದ್ದಳು, ನಾನು ನಂಬಿದ್ದೆ. ಈಗ ಅವಳ ಮುಖ ನೋಡಿದೆ. ಹೆಂಚಿನ ಬಿಸಿಗೆ ಕೆಂಪಾದ, ಮೂವತ್ತು ವರ್ಷಗಳಿಂದ ನೋಡುತ್ತ ಬಂದ ಮುಖ. ಅದರಲ್ಲಿ ಸುಳ್ಳಿನ ಗುರುತು ಯಾವುದು, ನಿಜದ ಗುರುತು ಯಾವುದು ಎಂದು ನಾನು ಎಂದೂ ಕಲಿತಿರಲಿಲ್ಲ. ಬೇಕಾಗಿರಲಿಲ್ಲ. ನನ್ನ ಮರೆವುಗಳೆಲ್ಲ ನನಗೆ ತಿಳಿದದ್ದೇ ಅವಳ ಬಾಯಿಂದ. ಯರಗುಪ್ಪಿಯದು ಮಾತ್ರ ನನಗೂ ನೆನಪಿದೆ. ಉಳಿದವುಗಳಲ್ಲಿ ನನ್ನವು ಎಷ್ಟು, ನನ್ನ ಮೇಲೆ ಹಾಕಿದವು ಎಷ್ಟು?

ಚಾವಿ ಇನ್ನೂ ನನ್ನ ಕಿಸೆಯಲ್ಲೇ ಇತ್ತು. ಹೊರಗೆ ಬಂದು ಕಾರಿನಲ್ಲಿ ಕುಳಿತೆ. ಎಲ್ಲಿಗೆ ಎಂದು ಗೊತ್ತಿರಲಿಲ್ಲ; ಆ ಮನೆಯೊಳಗೆ ಇರುವುದು ಬೇಡವಾಗಿತ್ತು, ಅಷ್ಟೆ. ಚಾಲೂ ಮಾಡಿ ಹಿಂದಕ್ಕೆ ಬಿಟ್ಟೆ. ಟೈರು ಏನನ್ನೋ ಹತ್ತಲು ಹೋಗಿ, ಗಾಡಿ ಮೈ ನಡುಗಿಸಿಕೊಂಡು ನಿಂತಿತು. ಇಳಿದು ನೋಡಿದರೆ ಹಿಂದಿನ ಚಕ್ರಕ್ಕೆ ಆ ಗುಂಡುಕಲ್ಲು.

ಗ್ಯಾರೇಜಿನಿಂದ ಬಂದ ಮೇಲೆ ಅಲ್ಲಿ ಕಲ್ಲು ಇರಲಿಲ್ಲ. ಇರಲಿಲ್ಲ ಎಂದು ನನ್ನ ನೆನಪು. ನಾನು ತಮ್ಮನ ಹತ್ತಿರ ಕುಳಿತಿದ್ದಾಗ ಅವಳು ಬಂದು ಇಟ್ಟಿರಬಹುದು. ಅಥವಾ ಇಷ್ಟು ದಿನ ಅದನ್ನು ಅಲ್ಲಿ ನೋಡಿ ನೋಡಿ ರೂಢಿಯಾಗಿ, ಇಳಿಯುತ್ತಲೇ ನಾನೇ ಇಟ್ಟಿರಬಹುದು. ಕಾರಿನ ಸದ್ದಿಗೆ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ತಮ್ಮನೂ ಪಡಸಾಲೆಯಿಂದ ಇಣುಕಿದ. ಇದನ್ನು ಇಟ್ಟವರು ಯಾರು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಬ್ಬರ ಮುಖವನ್ನೂ ನೋಡಿ, ಯಾವ ಉತ್ತರವನ್ನೂ ನಂಬಲಾರೆನೆಂದು ಕೇಳದೆ, ಬಗ್ಗಿ ಆ ಕಲ್ಲನ್ನು ನಾನೇ ಎತ್ತಿದೆ.