ಖೋ ಕೊಟ್ಟವಳಿಗೆ ಎರಡು ಚಪ್ಪಾಳೆ

ಕಳೆದ ವಾರ ಜಯನಗರದ ನಮ್ಮ ರಸ್ತೆಯ ತಿರುವಿನಲ್ಲಿ, ಗಾಳಿಗೆ ವಾಲಿದ್ದ ಗುಲ್‌ಮೊಹರ್ ಮರವನ್ನು ಕೊಯ್ಯುತ್ತಿದ್ದರು. ಹಸಿ ಮರದ ಪುಡಿಯ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ... ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷಗಳಾದರೂ ಆ ವಾಸನೆ ಬಂದರೆ ಅಂಗೈ ಬೆವರುತ್ತದೆ, ಏನನ್ನೋ ಎತ್ತಿ ಹಿಡಿದಂತೆ ತೋಳು ಬಿಗಿಯುತ್ತದೆ.

ನಾನು ಓದುತ್ತಿದ್ದಾಗ ಮೇಡಂ ನಮ್ಮ ಕಾಲೇಜಿನಲ್ಲಿ ಹುಡುಗಿಯರ ಖೋ ಖೋ ತಂಡವನ್ನು ನೋಡಿಕೊಳ್ಳುತ್ತಿದ್ದರು. ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಕ್ಯಾನ್ವಾಸ್ ಶೂ. ಆಟ ಮುಗಿದ ಮೇಲೆ ಸ್ಟೀಲ್ ಡಬ್ಬಿಯಿಂದ ಹುರಿಗಡಲೆ, ಬೆಲ್ಲ ಹಂಚುತ್ತಿದ್ದರು. ಖೋ ಖೋದಲ್ಲಿ ಎಂಟು ಜನ ಸಾಲಾಗಿ ಕುಳಿತಿರುತ್ತಾರೆ, ಒಬ್ಬಳು ಎದುರಾಳಿಯನ್ನು ಅಟ್ಟುತ್ತಾಳೆ. ತನ್ನಿಂದಾಗದು ಅನ್ನಿಸಿದಾಗ ಕುಳಿತವಳ ಬೆನ್ನು ಮುಟ್ಟಿ 'ಖೋ' ಅನ್ನಬೇಕು. ಅವಳು ಎದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ. ಯಾರಾದರೂ ಔಟ್ ಮಾಡಿದರೆ ಮೈದಾನವೆಲ್ಲ ಕೂಗುತ್ತಿತ್ತು, ಮೇಡಂ ಸುಮ್ಮನಿರುತ್ತಿದ್ದರು. ಸರಿಯಾದ ಹೊತ್ತಿಗೆ ಖೋ ಕೊಟ್ಟವಳಿಗೆ ಮಾತ್ರ ಅವರೊಬ್ಬರೇ ಎರಡು ಚಪ್ಪಾಳೆ ತಟ್ಟುತ್ತಿದ್ದರು.

ಆ ಎರಡು ಚಪ್ಪಾಳೆ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ನಾನು ಕ್ಯಾಪ್ಟನ್, ಎಲ್ಲರಿಗಿಂತ ವೇಗ. ಉಸಿರು ಕಟ್ಟಿದರೂ ನಾನೇ ಓಡಬೇಕು ಅನ್ನುವ ಹಟ. ಅರೆಕೆರೆಯಿಂದ ಬರುತ್ತಿದ್ದ ದಪ್ಪ ಹುಡುಗಿಗಂತೂ ನಾನು ಖೋ ಕೊಟ್ಟದ್ದೇ ಇಲ್ಲ. "ನಾನೇನ್ ಕಂಬಾನೇನೇ, ಸುತ್ಕೊಂಡ್ ಹೋಗ್ತೀಯಲ್ಲ?" ಎಂದು ಅವಳು ನಗುತ್ತಿದ್ದಳು. ಒಂದು ಪಂದ್ಯದಲ್ಲಿ ಯಾರಿಗೂ ಕೊಡದೆ ಓಡಿ ಓಡಿ ಮುಗ್ಗರಿಸಿ ಬಿದ್ದೆ, ಸೋತೆವು. ಮೇಡಂ ಬೈಯಲಿಲ್ಲ. ನನ್ನ ಮಂಡಿ ತೊಳೆಯುತ್ತಾ, "ಕಾಲು ಸಖತ್ತಾಗಿದೆ ಕಣೇ ನಿಂದು. ಖೋ ಅನ್ನೋಕೆ ಬಾಯೇ ಬರಲ್ಲ," ಅಂದರು.

ಅದಾಗಿ ಕೆಲವೇ ವಾರಗಳಲ್ಲಿ, ಮೇ ತಿಂಗಳ ಒಂದು ಸಂಜೆ, ಮಳೆಗೂ ಮುಂಚೆ ಗಾಳಿ ಬಂತು. ನಮ್ಮ ಬ್ಯಾಗುಗಳು ಮೈದಾನದ ಅಂಚಿನ ಮರದಡಿ ಇದ್ದವು. ಅವನ್ನು ತರಲು ಮೇಡಂ ಓಡಿದರು. ಲಟಕ್ಕೆಂದು ಸದ್ದಾಯಿತು, ಅಷ್ಟೇ...

ಮುರಿದ ಕೊಂಬೆಯ ಬುಡ ಕಾಂಪೌಂಡ್ ಗೋಡೆಯ ಮೇಲೆ ಆತುಕೊಂಡಿತ್ತು. ಅದರಡಿ ಮೇಡಂ ಅಂಗಾತ ಬಿದ್ದಿದ್ದರು. ಕಾಲು, ಒಂದು ಕೈ ಸಿಕ್ಕಿಕೊಂಡಿದ್ದವು. ಕೊಂಬೆ ಗೋಡೆಯಿಂದ ಜಾರಿದರೆ ನೇರ ಅವರ ಎದೆಯ ಮೇಲೆ. ರಸ್ತೆಯಲ್ಲಿದ್ದ ಆಟೋದವರೊಬ್ಬರು ಫುಟ್‌ಪಾತ್ ಕೆಲಸಕ್ಕೆಂದು ರಾಶಿ ಹಾಕಿದ್ದ ಕಲ್ಲುಗಳನ್ನು ತರಲು ಓಡಿದರು, ಕೆಳಗೆ ಒಟ್ಟಿ ಆನಿಕೆ ಕೊಡಲು. ಅಲ್ಲಿಯವರೆಗೆ ನಾವು ಎತ್ತಿ ಹಿಡಿದಿರಬೇಕು. ನಾಲ್ವರು ನಿಲ್ಲುವಷ್ಟೇ ಜಾಗ. ಬುಡದ ಕಡೆ ನಾನು ನಿಂತೆ. ಉಳಿದವರು ಬರಿಗೈಯಲ್ಲಿ ನಮ್ಮ ಹಿಂದೆಯೇ ಇದ್ದರು.

ಮಳೆ ಶುರುವಾಯಿತು. ತೊಗಟೆ ನುಣ್ಣಗಾಗಿ ಬೆರಳು ಜಾರತೊಡಗಿತು. ಕೆಳಗಿನಿಂದ ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೈ ಸೋತಿದ್ಯೇನೇ?"

"ಇಲ್ಲ ಮೇಡಂ."

ನಾನು ಇವತ್ತಿಗೂ ಮತ್ತೆ ಮತ್ತೆ ಕೇಳಿಸಿಕೊಳ್ಳುವುದು ಆ 'ಇಲ್ಲ'ವನ್ನೇ. ಅದು ಸುಳ್ಳು. ಮೊಣಕೈಯಿಂದ ಕೆಳಗೆ ನನಗೆ ಸ್ಪರ್ಶವೇ ಇರಲಿಲ್ಲ. ಕೊಂಬೆ ಒಂದು ಅಂಗುಲ ಕೆಳಗಿಳಿಯಿತು. ಮೇಡಂ ಬಾಯಿಂದ ಒಂದು ಸದ್ದು ಬಂತು... ಅದನ್ನು ಬರೆಯಲಾರೆ.

"ಖೋ ಕೊಡೇ, ಕತ್ತೆ," ಅಂದರು.

ಗಂಟಲು ಕಿತ್ತು ಬಂದಂತೆ "ಖೋ" ಅಂದೆ. ನನ್ನ ಪಕ್ಕದಿಂದ ಒಂದು ದಪ್ಪ ಭುಜ ಕೊಂಬೆಯಡಿ ನುಗ್ಗಿತು. "ಬಿಡು ಕ್ಯಾಪ್ಟನ್, ಕಂಬ ಬಂತು," ಅಂದಳು ಅರೆಕೆರೆಯವಳು. ನಾನು ಹೊರಗೆ ಬಂದು ಕೂತೆ. ಆಮೇಲೆ ಆ ತುದಿಯವಳು ಖೋ ಅಂದಳು, ನಡುವಿನವಳು ಅಂದಳು. ಕೈ ಸೋತವಳು ಹೊರಗೆ, ಹಿಂದಿದ್ದವಳು ಒಳಗೆ. ಕಲ್ಲು ಹೊತ್ತು ತಂದ ಆಟೋದವರು ಬೆಪ್ಪಾದರು. "ಏನ್ರಮ್ಮಾ, ಈಗ್ಲೂ ಆಟ ಆಡ್ತಿದ್ದೀರಾ?" ಅನ್ನುತ್ತಲೇ ಅವರು ಒಂದೊಂದೇ ಕಲ್ಲು ಒಟ್ಟಿದರು. ನನ್ನ ಕೈಗೆ ಜೀವ ಬಂದು ಎರಡನೇ ಸರದಿಗೆ ಏಳುವಷ್ಟರಲ್ಲಿ ಮೇಡಂ ಹೊರಗಿದ್ದರು.

ಆಸ್ಪತ್ರೆಯಲ್ಲಿ ಅವರ ಕಾಲಿಗೆ ರಾಡ್ ಹಾಕಿದ್ದರು. ಮಂಚದ ಪಕ್ಕ ನಿಂತು, "ಆ ಒಂದು ಅಂಗುಲ ನನ್ನಿಂದ ಮೇಡಂ," ಎಂದು ಅತ್ತೆ.

"ಹೂಂ, ನಿನ್ನಿಂದಾನೇ," ಅಂದರು. "ಆಮೇಲೆ ಅಂದ್ಯಲ್ಲ ಖೋ ಅಂತ, ಆಗ್ಲೇ ಚಪ್ಪಾಳೆ ತಟ್ಬೇಕು ಅನ್ಕೊಂಡೆ. ಏನ್ ಮಾಡ್ಲಿ, ಒಂದು ಕೈ ಕೆಳಗೆ ಸಿಕ್ಕಾಕೊಂಡಿತ್ತು."

ಮುಂದಿನ ವರ್ಷವೂ ನಾವು ಕಪ್ ಗೆಲ್ಲಲಿಲ್ಲ, ಸೆಮಿಫೈನಲ್‌ನಲ್ಲಿ ಸೋತೆವು. ಆದರೆ ಆ ವರ್ಷ ಊರುಗೋಲನ್ನು ಕಂಕುಳಲ್ಲಿ ಒತ್ತಿಕೊಂಡು ಮೇಡಂ ಎಷ್ಟು ಸಲ ಚಪ್ಪಾಳೆ ತಟ್ಟಿದರೋ... ಅದರಲ್ಲಿ ನನ್ನ ಪಾಲಿನವೂ ಇದ್ದವು.

ಮೇಡಂ ಹೋಗಿ ಎರಡು ವರ್ಷವಾಯಿತು. ಮಲಗಿದ್ದವರು ಏಳಲಿಲ್ಲವಂತೆ. ಸುದ್ದಿ ನನಗೆ ತಡವಾಗಿ ತಿಳಿಯಿತು.

ಕಳೆದ ವಾರ ನಮ್ಮ ರಸ್ತೆಯಲ್ಲಿ, ಹಗ್ಗ ಕಟ್ಟಿದ ಕೊಂಬೆಯೊಂದನ್ನು ಒಬ್ಬ ಕೆಲಸಗಾರ ನಿಧಾನವಾಗಿ ಇಳಿಸುತ್ತಿದ್ದ. ಸ್ವಲ್ಪ ಹೊತ್ತಿಗೆ, "ಅಣ್ಣಾ, ಕೈ ಜಾರ್ತಾ ಐತೆ, ಬಾ," ಎಂದು ಕೂಗಿದ. ಅಷ್ಟು ಸಲೀಸಾಗಿ! ಇನ್ನೊಬ್ಬ ಬೀಡಿ ಎಸೆದು ಬಂದು ಹಗ್ಗ ಹಿಡಿದ. ನಾನು ಚೀಲವನ್ನು ನೆಲಕ್ಕಿಟ್ಟು ಎರಡು ಚಪ್ಪಾಳೆ ತಟ್ಟಿದೆ. ಕೂಗಿದವನು ತಿರುಗಿ ನೋಡಿದ.

"ಏನ್ ಮೇಡಂ?"

ಆ ಮಾತಿಗೆ ನಾನು ಸುತ್ತ ನೋಡಿದೆ. ಮೇಡಂ ಅನ್ನಲು ಅಲ್ಲಿ ನಾನೊಬ್ಬಳೇ ಇದ್ದೆ.