ಮಾಗಳದ ಸಾರು ಕೂಡ್ಲಿಗಿಗೆ ಬಂದದ್ದು

ಶುಕ್ರವಾರ ರಜೆ ಹಾಕಿ ಬೆಳಿಗ್ಗೆ ಆರಕ್ಕೆ ಕೂಡ್ಲಿಗಿ ಬಿಟ್ಟಾಗ ನನ್ನ ಹತ್ತಿರ ಖಾಲಿ ಸ್ಟೀಲ್ ಕ್ಯಾರಿಯರ್ ಇತ್ತು, ಹೊಟ್ಟೆಯಲ್ಲಿ ಬೇಕಾದಷ್ಟು ಕಿಚ್ಚಿತ್ತು. ನಾನು ಶಿಕ್ಷಕಿ. ನಮ್ಮ ಶಾಲೆಯ ಬಿಸಿಯೂಟ ದೂರದ ಅಡುಗೆಮನೆಯಲ್ಲಿ ನಸುಕಿಗೇ ಬೆಂದು ವ್ಯಾನಿನಲ್ಲಿ ಬರುತ್ತದೆ, ಹೆಸರಿಗಷ್ಟೇ ಬಿಸಿ. ಶಾಲೆಯಲ್ಲೇ ಒಲೆ ಹಚ್ಚಿಸಿ ಎಂದು ಎರಡು ವರ್ಷದಿಂದ ಶಾಲಾ ಸಮಿತಿಗೆ ಮನವಿ ಬರೆಯುತ್ತಿದ್ದೆ. ಅದನ್ನೇ ಮಾಗಳದಲ್ಲಿ ಶಿಕ್ಷಕಿಯಾಗಿರುವ ನನ್ನ ಹಾಸ್ಟೆಲ್ ಗೆಳತಿ ಶಾರದಾ ಎರಡೇ ತಿಂಗಳಲ್ಲಿ ಮಾಡಿಸಿದ್ದಳು. ಸಂಜೆ ಆರಕ್ಕೆ ನಮ್ಮ ಸಮಿತಿಯ ಕೊನೆಯ ತೀರ್ಮಾನ. ಅಷ್ಟರೊಳಗೆ ಅವಳ ಶಾಲೆಯ ಸಾರು ತಂದು ಅವರ ಬಾಯಿಗಿಡುವುದು ನನ್ನ ಉಪಾಯ.

ಆಧಾರ್ ತೋರಿಸಿದ್ದಕ್ಕೆ ಸೊನ್ನೆ ಟಿಕೆಟ್. ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆ. ಮಿರ್ಚಿ ಬಾಣಲೆಯಿಂದ ನೇರವಾಗಿ ಪೇಪರಿಗೆ ಬಂದಿತ್ತು. ಬಸ್‌ ಸ್ಟ್ಯಾಂಡಿನವರಿಗೆ ಇರುವ ಭಾಗ್ಯ ನಮ್ಮ ಮಕ್ಕಳಿಗಿಲ್ಲವಲ್ಲ ಎಂದು ಅಲ್ಲೂ ಹೊಟ್ಟೆ ಉರಿಯಿತು. ಹಡಗಲಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮಾಗಳಕ್ಕೆ ಆಟೊ ಹಿಡಿದೆ.

“ಬಾರಲೇ, ಭಾಳ ಸೊರಗೀಯಲ್ಲ,” ಎಂದು ಶಾರದಾ ಗೇಟಿನಲ್ಲೇ ಕೈಹಿಡಿದಳು. ನೀನು ದಪ್ಪಗಾಗಿದ್ದೀ ಎನ್ನಬೇಕೆಂದಿದ್ದೆ. ಅವಳು ಆಗಿರಲಿಲ್ಲ.

ಅಲ್ಲಿ ಊಟದ ಗಂಟೆಯನ್ನು ಯಾರೂ ಕಾಯುವುದಿಲ್ಲ. ಒಗ್ಗರಣೆ ಚುಂಯ್ ಎಂದರೆ ಸಾಕು, ಒಂದನೇ ತರಗತಿಯವರು ತಟ್ಟೆ ಹಿಡಿದು ಎದ್ದುಬಿಡುತ್ತಾರೆ. ಅನ್ನ, ನುಗ್ಗೆಸೊಪ್ಪಿನ ಸಾರು. ಒಬ್ಬ ಹುಡುಗಿ ಮೂರನೇ ಸಲ ಹಾಕಿಸಿಕೊಂಡಳು. ನಮ್ಮಲ್ಲಿ ಎರಡನೇ ಸಲ ಕೇಳಿದವರನ್ನೇ ನಾನು ಕಂಡಿಲ್ಲ.

“ಸಮಿತಿಯೋರ್ನ ಹೆಂಗ ಒಪ್ಪಿಸಿದಿ?” ಎಂದೆ.

“ನಾ ಏನೂ ಮಾಡಿಲ್ಲಲೇ. ಅಡಗಿ ಅಕ್ಕಾರು ಒಂದಿನ ಒಲಿ ಹಚ್ಚಿದ್ರು. ಸಮಿತಿಯೋರು ಉಂಡ್ರು, ಒಪ್ಪಿದ್ರು.”

ಏನೂ ಮಾಡಿಲ್ಲವಂತೆ. ಆ ವಿನಯ ನನಗೆ ಸಾರಿಗಿಂತ ಖಾರವಾಯಿತು.

ಕ್ಯಾರಿಯರ್ ತುಂಬಿಸುತ್ತ ಅವಳು, “ಆರಿದ್ರ ರುಚಿ ಹೋಗತೈತಿ ನೋಡು. ನಿಮ್ಮ ಸಮಿತಿಯೋರ್ನ ಇಲ್ಲಿಗೇ ಕರ್ಕೊಂಡು ಬಾ,” ಎಂದಳು. ಸಾರು ಕೊಡಲು ಇವಳಿಗೆ ಮನಸ್ಸಿಲ್ಲ ಎಂದುಕೊಂಡೆ.

ಹರಪನಹಳ್ಳಿ ಮೇಲೆ ಹಿಂದಿರುಗಿದೆ. ತೊಡೆ ಮೇಲಿನ ಕ್ಯಾರಿಯರನ್ನು ಕೊಟ್ಟೂರಿನವರೆಗೂ ಬಿಡದೆ ಹಿಡಿದದ್ದನ್ನು ಕಂಡು ಪಕ್ಕದ ಅಜ್ಜಿ, “ಬಂಗಾರ ಐತೇನವಾ ಅದ್ರಾಗ?” ಎಂದು ಕೇಳಿತು.

“ಸಾರು ಐತಿ ಅಜ್ಜಿ,” ಎಂದೆ.

ಸಭೆಯಲ್ಲಿ ಸಮಿತಿಯ ಅಧ್ಯಕ್ಷರು ಒಂದು ಚಮಚ ಕುಡಿದು ಮುಖ ಕಿವುಚಿದರು. “ನಮ್ಮ ವ್ಯಾನಿನ ಸಾರಿನಂಗ ಐತಲ್ರಿ ಟೀಚರ್. ಇದಕ್ಯಾಕ ಬ್ಯಾರೆ ಒಲಿ?”

ನಾನೂ ರುಚಿ ನೋಡಿದೆ. ಹೌದು, ಅದೇ ಸಪ್ಪೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನಗಾದದ್ದು ಸಂತೋಷ: ಶಾರದಾಳ ಸಾರೂ ಇಷ್ಟೇ! ಮರುಕ್ಷಣ ಅವಳ ಮಾತು ನೆನಪಾಯಿತು.

“ಇದನ್ನ ಮಧ್ಯಾಹ್ನ ಮಕ್ಕಳು ಮೂರು ಸಲ ಹಾಕಿಸ್ಕೊಂಡು ಉಂಡಾರ್ರಿ,” ಎಂದೆ. “ಐದು ತಾಸು ಬಸ್ಸಿನಾಗ ಕುಂತು ಹಿಂಗಾತು. ವ್ಯಾನಿನ ಸಾರೂ ಅಷ್ಟ ಹೊತ್ತು ಕುಂತ ಬರತೈತಿ. ಆರಿದ್ರ ರುಚಿ ಹೋಗತೈತ್ರಿ.”

ಅಧ್ಯಕ್ಷರು ಮತ್ತೊಂದು ಚಮಚ ಕುಡಿದು ನೋಡಿದರು. “ಖರೇ ಐತಿ. ಸೋಮವಾರ ಒಲಿ ಹಚ್ಚೋಣ ಬಿಡ್ರಿ. ಭಾಳ ಚಲೋ ಹೇಳಿದ್ರಿ ನೀವು,” ಎಂದರು.

ಆ ಮಾತು ಯಾರದೆಂದು ನಾನು ಹೇಳಲಿಲ್ಲ. ಶಾರದಾಳಿಗೂ ಇನ್ನೂ ಫೋನ್ ಮಾಡಿಲ್ಲ.