ಎರಡನೇ ಸಾಲಿನ ಇಂಟು

ಕಳೆದ ವಾರ ನಾನು ಕಲಿಸುವ ಶಾಲೆಯ ಹಳೆಯ ಕಪಾಟು ತೆರೆದಾಗ ಕರಗಿದ ರಬ್ಬರ್ ಬ್ಯಾಂಡಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಹತ್ತು ಹತ್ತರ ಕಟ್ಟು ಮಾಡಿಟ್ಟ, ತೆಂಗಿನ ಗರಿಯ ಹಿಡಿಸೂಡಿ ಕಡ್ಡಿಗಳಿದ್ದವು. ಯಾವ ಕಾಲದ ಯಾವ ಟೀಚರ್ ಮಾಡಿಟ್ಟದ್ದೋ... ನನಗೆ ನೆನಪಾದದ್ದು ಮಾತ್ರ ಪುತ್ತೂರಿನಲ್ಲಿ ನನ್ನ ಜೊತೆ ಡಿ.ಎಡ್. ಓದಿದ ಅಕ್ಕ.

ಇಡೀ ತರಗತಿಯೇ ಅವರನ್ನು ಅಕ್ಕ ಎನ್ನುತ್ತಿತ್ತು. ನಮಗೆಲ್ಲ ಹತ್ತೊಂಬತ್ತು, ಇಪ್ಪತ್ತು. ಅವರಿಗೆ ಮೂವತ್ತರ ಹತ್ತಿರ. ಕಬಕದವರು, ಮನೆಮಾತು ಬ್ಯಾರಿ. ಗಂಡ ಗಲ್ಫಿನಲ್ಲಿದ್ದರು, ಪುಟ್ಟ ಮಗಳನ್ನು ತಾಯಿಯ ಕೈಗೆ ಕೊಟ್ಟು ಓದಲು ಬರುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವನ್ನು ಎರಡು ಸಲ ಬರೆದು ಪಾಸಾದವರು. ನಾನೋ ಪಿಯುಸಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತೆಗೆದವಳು. ಹಾಗಾಗಿ ಅಭ್ಯಾಸ ಪಾಠಕ್ಕೆ ಅವರನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಎರಡಂಕಿಯ ಗುಣಾಕಾರದ ಪಾಠ. ಹದಿಮೂರನ್ನು ಹನ್ನೆರಡರಿಂದ ಗುಣಿಸಿ ತೋರಿಸಿದೆ. ಮೊದಲ ಸಾಲಿನಲ್ಲಿ ಇಪ್ಪತ್ತಾರು. ಎರಡನೇ ಸಾಲಿನಲ್ಲಿ, ಎಲ್ಲರೂ ಮಾಡುವಂತೆ, ಬಿಡಿ ಸ್ಥಾನದಲ್ಲಿ ಒಂದು ಇಂಟು ಗುರುತು ಹಾಕಿ ಅದರ ಎಡಕ್ಕೆ ಹದಿಮೂರು ಬರೆದೆ.

“ಆ ಇಂಟು ಎಂತಕ್ಕೆ?” ಅಕ್ಕ ಕೇಳಿದರು.

“ಹಾಗೇ ಹಾಕುದು ಅಕ್ಕ. ನಿಯಮ.”

“ನಿಯಮ ಸರಿ ಮಾರಾಯ್ತಿ. ಎಂತಕ್ಕೆ?”

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಗುರುತು ಹಾಕಿದ್ದೆ, ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಕ್ಕ ಬಸ್ಸಿನಲ್ಲಿ ಕೇಳಿದರು, ಬುತ್ತಿ ಬಿಚ್ಚುವಾಗ ಕೇಳಿದರು. ಕೊನೆಗೆ ನನಗೆ ಸಿಟ್ಟು ಬಂತು. ಕಡ್ಡಿಯ ಕಟ್ಟು ಮಾಡಿ ತನ್ನಿ, ಪಾಠೋಪಕರಣ ಇದ್ದರೆ ಮಾರ್ಕು ಬರುತ್ತದೆ, ಅಷ್ಟು ಸಾಕು ಎಂದುಬಿಟ್ಟೆ.

ಪಾಠ ಇದ್ದದ್ದು ನರಿಮೊಗರಿನ ಕಡೆಯ ಒಂದು ಶಾಲೆಯಲ್ಲಿ, ನಾಲ್ಕನೇ ತರಗತಿಗೆ. ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು ಅಂಕದ ಹಾಳೆ ಹಿಡಿದು ಕೂತಿದ್ದರು, ಪಕ್ಕದಲ್ಲಿ ನಾನು. ಅಕ್ಕ ಹಲಗೆಯ ಮೇಲೆ ಮೊದಲ ಸಾಲು ಬರೆದರು. ಎರಡನೇ ಸಾಲಿಗೆ ಬಂದಾಗ ಅವರ ಕೈ ನಿಂತಿತು. ಮಕ್ಕಳ ಕಡೆ ತಿರುಗಿದರು.

“ಇಲ್ಲಿ ಒಂದು ಇಂಟು ಹಾಕ್ಲಿಕ್ಕುಂಟು. ಎಂತಕ್ಕೆ ಅಂತ ನಂಗೆ ಗೊತ್ತಿಲ್ಲ. ನೋಡುವನಾ?”

ನಾನು ತಲೆ ತಗ್ಗಿಸಿದೆ. ಅಕ್ಕ ಹನ್ನೆರಡು ಮಕ್ಕಳನ್ನು ಎದುರಿಗೆ ಕರೆದು, ಒಬ್ಬೊಬ್ಬರ ಕೈಗೂ ಹತ್ತರ ಒಂದು ಕಟ್ಟು, ಮೂರು ಬಿಡಿ ಕಡ್ಡಿ ಕೊಟ್ಟರು. ಇಬ್ಬರನ್ನು ಬಾಗಿಲ ಬಳಿ ನಿಲ್ಲಿಸಿದರು. ಅವರಿಬ್ಬರದ್ದು ಇಪ್ಪತ್ತಾರು; ಅದೇ ಮೊದಲ ಸಾಲು. ಉಳಿದ ಹತ್ತು ಮಂದಿ ತಮ್ಮ ಕಡ್ಡಿಗಳನ್ನೆಲ್ಲ ನೆಲದ ಮೇಲೆ ಒಟ್ಟು ಹಾಕಿದರು. ಹತ್ತು ಕಟ್ಟು, ಮೂವತ್ತು ಬಿಡಿ. ಒಬ್ಬಳು ಹುಡುಗಿ, ಯಾರೂ ಹೇಳದೆಯೇ, ಬಿಡಿ ಕಡ್ಡಿಗಳನ್ನು ಹತ್ತು ಹತ್ತಾಗಿ ಕಟ್ಟತೊಡಗಿದಳು. ಮೂರು ಕಟ್ಟಾಯಿತು. ಈಗ ಒಟ್ಟು ಹದಿಮೂರು ಕಟ್ಟು.

“ಬಿಡಿ ಒಂದೂ ಇಲ್ಲ ಟೀಚರ್!”

ಅಕ್ಕ ನೆಲವನ್ನು ನೋಡಿದರು, ಹಲಗೆಯನ್ನು ನೋಡಿದರು. “ಹಾಗಾದ್ರೆ ಬಿಡಿಯ ಜಾಗ ಖಾಲಿ! ಖಾಲಿ ಅಂತ ಹೇಳ್ಲಿಕ್ಕೆ ಆ ಇಂಟು!” ಅವರ ದನಿ ಮಕ್ಕಳ ದನಿಗಿಂತ ಜೋರಾಗಿತ್ತು. ಇಂಟು ಹಾಕುವಲ್ಲಿ ಸೊನ್ನೆ ಹಾಕಿ ನೂರ ಮೂವತ್ತು ಎಂದು ಬರೆದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪಾಠಯೋಜನೆಯ ಅರ್ಧ ಹಾಗೇ ಉಳಿಯಿತು.

“ಮಕ್ಕಳ ಎದುರು ಗೊತ್ತಿಲ್ಲ ಅಂತ ಹೇಳ್ಬಾರ್ದಮ್ಮ” ಎಂದರು ಉಪನ್ಯಾಸಕರು. ಆ ದಿನದ ಎಲ್ಲರಿಗಿಂತ ಕಡಿಮೆ ಅಂಕ ಅಕ್ಕನಿಗೇ. ಬಸ್ಸಿನಲ್ಲಿ ಅವರಿಗೆ ಅದರ ನೆನಪೂ ಇದ್ದಂತಿರಲಿಲ್ಲ. ನನ್ನ ಕೈ ಹಿಡಿದು ಕೇಳಿದರು: “ನಿಂಗೆ ಮೊದಲೇ ಗೊತ್ತಿತ್ತಲ್ಲಾ? ನಾನೇ ಕಂಡು ಹಿಡೀಲಿ ಅಂತ ಹೇಳದೆ ಕೂತದ್ದಲ್ವಾ?”

“ಹೌದು” ಎಂದೆ.

ಓದು ಮುಗಿಯಿತು. ನನಗೆ ಸುಳ್ಯದ ಕಡೆ ಕೆಲಸ ಸಿಕ್ಕಿತು. ಅಕ್ಕ ಮಗಳನ್ನು ಕರೆದುಕೊಂಡು ಗಂಡನಿದ್ದಲ್ಲಿಗೆ ಹೋದರು. ಒಂದೆರಡು ಪತ್ರ ಬಂದವು. ಆಮೇಲೆ ಅದೂ ನಿಂತಿತು...

ಮೊನ್ನೆ ಭಾನುವಾರ ಕಬಕಕ್ಕೆ ಹೋಗಿ ಮನೆ ಹುಡುಕಿದೆ. ಬಾಗಿಲು ತೆರೆದದ್ದು ಅಕ್ಕನ ಮಗಳು. ಊರಿಗೆ ಮರಳಿ ಬಹಳ ವರ್ಷವಾಯಿತು, ಉಮ್ಮ ತೀರಿಹೋಗಿ ಎರಡು ವರ್ಷವಾಯಿತು ಎಂದಳು. ನಾನು ಯಾರೆಂದು ಹೇಳಿದಾಗ ಅವಳ ಮುಖ ಅರಳಿತು.

“ನಿಮ್ಮ ಬಗ್ಗೆ ಯಾವಾಗ್ಲೂ ಹೇಳ್ತಿದ್ರು. ಗೊತ್ತಿದ್ರೂ ಹೇಳದೆ ನಮ್ಮ ಕೈಯಲ್ಲೇ ಕಂಡು ಹಿಡಿಸುವ ಟೀಚರ್ ಅಂದ್ರೆ ಅವಳು ಅಂತ. ನಮಗೂ ಹಾಗೇ ಕಲಿಸಿದ್ದು ಉಮ್ಮ.”

“ನಂಗೆ ಗೊತ್ತಿರ್ಲಿಲ್ಲ ಮಗಾ” ಎಂದೆ. “ಆ ದಿನ ಹಿಂದಿನ ಬೆಂಚಿನಲ್ಲಿ ಕೂತು ನಾನೂ ಅವರಿಂದಲೇ ಕಲಿತದ್ದು.”

ಅವಳು ಮೆಲ್ಲಗೆ ನಕ್ಕಳು.

“ಇದನ್ನು ಉಮ್ಮನಿಗೆ ಹೇಳ್ಬೇಕಿತ್ತು ನೀವು. ಎಷ್ಟು ಖುಷಿ ಪಡ್ತಿದ್ರು...”